ಪಾಚಿಯ ಡಿಎನ್‌ಎ ಅಳೆಯುವ ಮೊದಲು ಗಡಿಯಾರ ನೋಡಿ

ಜೀನೋಮ್ (ಜೀವಿಯ ಡಿಎನ್‌ಎಯ ಒಂದು ಪೂರ್ತಿ ಪ್ರತಿ) ದೊಡ್ಡದಾದಷ್ಟೂ ಕೋಶವೂ ದೊಡ್ಡದು. ಸೂಕ್ಷ್ಮ ಪಾಚಿಗಳಲ್ಲಿ ಒಟ್ಟಾರೆ ಇದು ನಿಜ. ಆದರೆ ಲ್ಯಾಬ್‌ನಲ್ಲಿ ಅಳೆಯಲು ಕೂತರೆ ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ: ಯಾವ ಹೊತ್ತಿನ ಕೋಶ?

ನಾನು ಶುರು ಮಾಡಿದ್ದು ಕ್ಲಾಮಿಡೊಮೊನಾಸ್ ಎಂಬ ಒಂದೇ ಕೋಶದ ಹಸಿರು ಪಾಚಿಯಿಂದ. ಅದು ಬೆಳಕಿದ್ದಷ್ಟು ಹೊತ್ತೂ ಸುಮ್ನೆ ಬೆಳೆಯುತ್ತಾ ಹೋಗುತ್ತದೆ. ಕತ್ತಲಾದ ಮೇಲೆ ಬೆನ್ನುಬೆನ್ನಿಗೆ ಎರಡು ಮೂರು ಸಲ ಒಡೆದು ನಾಲ್ಕೋ ಎಂಟೋ ಮರಿಗಳಾಗುತ್ತದೆ. ಸಂಜೆಯ ತಾಯಿಯನ್ನೂ ಬೆಳಗಿನ ಮರಿಯನ್ನೂ ಬೆರೆಸಿ ಅಳೆದರೆ, ಒಂದೇ ಜೀನೋಮ್‌ಗೆ ಎಂಟು ಪಟ್ಟು ಗಾತ್ರದ ವ್ಯತ್ಯಾಸ ಸಿಗಬಹುದು! ಅದಕ್ಕೇ ದೀಪಕ್ಕೆ ಟೈಮರ್ ಹಾಕಿದೆ. 12 ಗಂಟೆ ಬೆಳಕು, 12 ಗಂಟೆ ಕತ್ತಲು. ದೀಪ ಹತ್ತುವ ಸ್ವಲ್ಪ ಮೊದಲು ಸ್ಯಾಂಪಲ್ ತೆಗೆಯುತ್ತಿದ್ದೆ. ಆಗ ಹೆಚ್ಚಿನವು ಒಂದೇ ಪ್ರತಿ ಡಿಎನ್‌ಎ ಇರುವ ಮರಿಗಳು.

ಗಾತ್ರಕ್ಕೆ ಸೂಕ್ಷ್ಮದರ್ಶಕದ ಫೋಟೊ ಸಾಕು. ಆದರೆ ಅಗಲವನ್ನಷ್ಟೇ ಹೋಲಿಸಬಾರದು. ಅಗಲ ಎರಡು ಪಟ್ಟಾದರೆ ಒಳಗಿನ ಜಾಗ ಎಂಟು ಪಟ್ಟಾಗುತ್ತದೆ, ಅಲ್ವಾ?

ಡಿಎನ್‌ಎಗೆ ಫ್ಲೋ ಸೈಟೊಮೀಟರ್, ಅಂದರೆ ಒಂದೊಂದೇ ಕೋಶವನ್ನು ಬೆಳಕಿನ ಮುಂದೆ ಹಾಯಿಸಿ ಅದರ ಹೊಳಪು ಅಳೆಯುವ ಯಂತ್ರ. ನಾನು ಬಳಸಿದ್ದು ಡಿಎನ್‌ಎಗೆ ಅಂಟುವ ಪ್ರೊಪಿಡಿಯಮ್ ಅಯೊಡೈಡ್ ಎಂಬ ಬಣ್ಣ. ಅದು ಕೆಂಪಗೆ ಹೊಳೆಯುತ್ತದೆ, ಪತ್ರಹರಿತ್ತೂ ಕೆಂಪಗೇ ಹೊಳೆಯುತ್ತದೆ. ಹಾಗಾಗಿ ಮೊದಲು ತಣ್ಣನೆಯ ಮೆಥನಾಲ್‌ನಲ್ಲಿ ಹಸಿರು ಪೂರ್ತಿ ಬಿಡಿಸಬೇಕು. ಈ ಬಣ್ಣ ಆರ್‌ಎನ್‌ಎಗೂ ಅಂಟುವುದರಿಂದ ಆರ್‌ಎನ್‌ಎಯನ್ನು ಕತ್ತರಿಸುವ ಆರ್‌ಎನ್‌ಏಸ್ ಕಿಣ್ವ ಹಾಕಿ ಅದನ್ನೂ ತೆಗೆಯಬೇಕು. ಹೊಳಪನ್ನು ಹೋಲಿಸಿ ನೋಡಲು ಅಳತೆಗೋಲಾಗಿ ಹಲವರು ಕೋಳಿಯ ರಕ್ತಕಣ ಬಳಸುತ್ತಾರೆ. ಅದರ ಡಿಎನ್‌ಎ ಕ್ಲಾಮಿಡೊಮೊನಾಸ್‌ನದಕ್ಕಿಂತ ಸುಮಾರು 20 ಪಟ್ಟು ಜಾಸ್ತಿ, ಪಾಚಿಗೆ ತೀರಾ ದೂರವಾಯಿತು. ಕ್ಲಾಮಿಡೊಮೊನಾಸ್‌ನ ಜೀನೋಮ್ ಸುಮಾರು 11 ಕೋಟಿ ಬೇಸ್ ಜೋಡಿ (ಡಿಎನ್‌ಎ ಏಣಿಯ ಮೆಟ್ಟಿಲುಗಳು) ಅಂತ ಗೊತ್ತೇ ಇದೆ. ಅದನ್ನೇ ಅಳತೆಗೋಲು ಮಾಡಿಕೊಂಡೆ.

ಡಯಾಟಮ್‌ಗಳದು ಬೇರೆಯೇ ತಕರಾರು. ಇವೂ ಒಂದೇ ಕೋಶದ ಪಾಚಿಗಳು. ಅವುಗಳ ಗಾಜಿನಂಥ ಚಿಪ್ಪು ಡಬ್ಬಿ ಮತ್ತು ಮುಚ್ಚಳದ ಹಾಗೆ. ಹೊಸ ಅರ್ಧ ಯಾವಾಗಲೂ ಒಳಗೇ ಬೆಳೆಯುವುದರಿಂದ, ಹಲವು ಜಾತಿಗಳಲ್ಲಿ ಪೀಳಿಗೆ ಕಳೆದಂತೆ ಕೋಶ ಚಿಕ್ಕದಾಗುತ್ತದೆ. ಡಿಎನ್‌ಎ ಅಷ್ಟೇ ಇರುತ್ತದೆ. ಕಲ್ಚರ್ ಎಷ್ಟು ಹಳೆಯದು ಅಂತ ಬರೆದಿಡದಿದ್ದರೆ ಆ ಅಳತೆಗೆ ಅರ್ಥವಿಲ್ಲ.

ಇಷ್ಟೆಲ್ಲ ಮಾಡಿದರೂ ಸಂಬಂಧ ನೇರವಲ್ಲ. ಫ್ರಾನ್ಸಿನ ಥೌ ಲಗೂನಿನಲ್ಲಿ ಸಿಕ್ಕ ಆಸ್ಟ್ರಿಯೊಕಾಕಸ್ ಟೌರಿ ಎಂಬ ಪಾಚಿಯ ಅಗಲ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕೂಡ ಇಲ್ಲ. ಅದರ ಜೀನೋಮ್ ಸುಮಾರು 1.26 ಕೋಟಿ ಬೇಸ್ ಜೋಡಿ. ಕ್ಲಾಮಿಡೊಮೊನಾಸ್‌ನ ಜೀನೋಮ್ ಅದರ ಒಂಬತ್ತು ಪಟ್ಟು, ಕೋಶದ ಒಳಗಿನ ಜಾಗವೋ ನೂರಾರು ಪಟ್ಟು. ಹಾಗಾಗಿ ಗ್ರಾಫ್‌ನ ಎರಡೂ ಅಕ್ಷಗಳನ್ನು ಲಾಗ್‌ನಲ್ಲಿ, ಅಂದರೆ ಪ್ರತಿ ಹೆಜ್ಜೆಗೂ ಹತ್ತು ಪಟ್ಟಾಗುವ ಅಳತೆಯಲ್ಲಿ, ಹಾಕುತ್ತೇನೆ.

ಇನ್ನು ಯಾಕೆ ಹೀಗೆ? ಡಿಎನ್‌ಎ ಜಾಸ್ತಿಯಾದರೆ ನ್ಯೂಕ್ಲಿಯಸ್ ಉಬ್ಬುತ್ತದೆ, ಅದಕ್ಕೆ ತಕ್ಕಂತೆ ಕೋಶವೂ ಹಿಗ್ಗುತ್ತದೆ ಎನ್ನುವವರಿದ್ದಾರೆ. ಹೆಚ್ಚುವರಿ ಡಿಎನ್‌ಎ ಹೊರೆ, ದೊಡ್ಡ ಕೋಶ ಮಾತ್ರ ಅದನ್ನು ತಾಳುತ್ತದೆ ಎನ್ನುವವರೂ ಇದ್ದಾರೆ. ಡುನಾಲಿಯೆಲ್ಲಾ ಪಾಚಿಯ 72 ವಂಶಸಾಲುಗಳನ್ನು ಹೋಲಿಸಿದ ಅಧ್ಯಯನವೊಂದು 2020ರಲ್ಲಿ ಬಂತು. ಅದರಲ್ಲಿ, ಕೋಶದ ಗಾತ್ರಕ್ಕೆ ಹೋಲಿಸಿದರೆ ಜೀನೋಮ್ ಚಿಕ್ಕದಿದ್ದ ಸಾಲುಗಳೇ ಬೇಗ ಬೆಳೆದಿದ್ದವು. ನನ್ನ ಒಲವು ಸದ್ಯಕ್ಕೆ ಎರಡನೆಯವರ ಕಡೆಗೆ.