ಮೊದಲ ಜೇನು ಪೆಟ್ಟಿಗೆ ಯಾವಾಗ ಇಡಬೇಕು?

ಮುಂಗಾರು ಬಂದು ತೋಟ ಹಸಿರಾದ ಕೂಡಲೇ ಜೇನು ಸಾಕೋಣ ಅನ್ನಿಸುವುದು ಸಹಜ. ಸಸಿ ನೆಡಲು ಒಳ್ಳೆ ಕಾಲ, ಜೇನಿಗೂ ಒಳ್ಳೆಯದೇ ಇರಬೇಕು ಅಲ್ವಾ? ಆದರೆ ಜೇನಿಗೆ ಬೇಕಿರುವುದು ಎಲೆಯಲ್ಲ, ಹೂವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೈಸೂರು, ಮಂಡ್ಯ ಕಡೆ ಹೂವು ಕಡಿಮೆ. ಜಿಟಿಜಿಟಿ ಮಳೆ ಹಿಡಿದ ದಿನ ಹುಳು ಹೊರಗೆ ಹೋಗುವುದೂ ಇಲ್ಲ. ಆಗ ತಂದಿಟ್ಟ ಹೊಸ ಜೇನು ಕುಟುಂಬ (ಒಂದು ರಾಣಿ, ಅದರ ಹುಳುಗಳು) ಹಸಿವಿನಿಂದ ಸೊರಗುತ್ತದೆ. ನಾವು ಸಾಮಾನ್ಯವಾಗಿ ಸಾಕುವ ತುಡುವೆ ಜೇನಂತೂ ಊಟ ಸಿಗದಿದ್ದರೆ ಪೆಟ್ಟಿಗೆ ಖಾಲಿ ಮಾಡಿ, ರಾಣಿಯ ಸಮೇತ ಹಾರಿಹೋಗುತ್ತದೆ.

ಮೈಸೂರು, ಮಂಡ್ಯದ ಬಯಲಿನಲ್ಲಿ ಮೊದಲ ಸಲ ಸಾಕುವವರು ಹಿಂಗಾರು ಮಳೆ ನಿಂತ ಮೇಲೆ, ಅಂದರೆ ನವೆಂಬರ್ ಕೊನೆಯಿಂದ ಜನವರಿಯ ಒಳಗೆ ಕುಟುಂಬ ತರುವುದು ಒಳ್ಳೆಯದು. ದಸರಾ ಮುಗಿದ ಕೂಡಲೇ ಅವಸರ ಬೇಡ. ಅಕ್ಟೋಬರ್‌ನಲ್ಲಿ ಇಲ್ಲಿ ಮಳೆ ಇನ್ನೂ ಜೋರಾಗಿಯೇ ಇರುತ್ತದೆ.

ಹೊಂಗೆ ಹೂವಿನಿಂದ ಹಿಂದಕ್ಕೆ ಎಣಿಸಿ

ಈ ತಿಂಗಳುಗಳೇ ಯಾಕೆ? ನಮ್ಮಲ್ಲಿ ಹೊಂಗೆ, ಬೇವು, ನೇರಳೆ ಹೂ ಬಿಡುವುದು ಮಾರ್ಚ್, ಏಪ್ರಿಲ್ ಆಸುಪಾಸಿನಲ್ಲಿ. ಹುಣಸೆ ಅದರ ಬೆನ್ನಿಗೇ ಬರುತ್ತದೆ. ವರ್ಷದ ಜೇನುತುಪ್ಪ ಕೂಡುವುದು ಮುಖ್ಯವಾಗಿ ಈ ಮರಗಳಿಂದ. ಆ ಹೊತ್ತಿಗೆ ಪೆಟ್ಟಿಗೆಯಲ್ಲಿ ದುಡಿಯುವ ಹುಳು ತುಂಬಿರಬೇಕು.

ಆ ಹುಳು ಒಂದೇ ದಿನದಲ್ಲಿ ಬರುವುದಿಲ್ಲ. ರಾಣಿ ಇಟ್ಟ ಮೊಟ್ಟೆ 3 ದಿನಕ್ಕೆ ಒಡೆಯುತ್ತದೆ. ಮರಿಹುಳು ಬೆಳೆದು ಕೆಲಸಗಾರ ಜೇನಾಗಿ ಹೊರಬರಲು ಒಟ್ಟು ಸುಮಾರು 3 ವಾರ ಬೇಕು. ಹೊರಬಂದ ಮೇಲೂ ಅದು ನೇರ ಹೂವಿಗೆ ಹೋಗುವುದಿಲ್ಲ. ಇನ್ನೂ 2-3 ವಾರ ಗೂಡಿನೊಳಗೇ ಇದ್ದು ಕೋಶ ಸ್ವಚ್ಛ ಮಾಡುತ್ತದೆ, ಮರಿಗಳಿಗೆ ಉಣಿಸುತ್ತದೆ, ಎರಿ (ಮೇಣದ ಕೋಶಗಳ ಹಲ್ಲೆ) ಕಟ್ಟುತ್ತದೆ. ಅಂದರೆ ಮೊಟ್ಟೆಯಿಂದ ಹೂವಿನವರೆಗೆ 5-6 ವಾರ. ಮಾರ್ಚ್ ಕೊನೆಗೆ ಹೊಂಗೆ ಮರಕ್ಕೆ ಹಾರಬೇಕಾದ ಹುಳು ಫೆಬ್ರುವರಿ ಮಧ್ಯಕ್ಕೇ ಮೊಟ್ಟೆಯಾಗಿ ಕೋಶದಲ್ಲಿ ಇರಬೇಕು. ಅಷ್ಟು ಮೊಟ್ಟೆ ಇಡಬೇಕಾದರೆ, ಮರಿ ಸಾಕುವ ಹುಳು ಅದಕ್ಕೂ ಮೊದಲೇ ಸಾಕಷ್ಟು ಇರಬೇಕು. ಡಿಸೆಂಬರ್‌ನಲ್ಲಿ ನೆಲೆ ನಿಂತ ಕುಟುಂಬಕ್ಕೆ ಇದಕ್ಕೆಲ್ಲ ಸಮಯ ಸಿಗುತ್ತದೆ. ಆಗ ತೊಗರಿ, ಅವರೆ, ತಡವಾಗಿ ಬಿತ್ತಿದ ಹುಚ್ಚೆಳ್ಳು, ಜೊತೆಗೆ ವರ್ಷವಿಡೀ ಹೊಂಬಾಳೆ ಒಡೆಯುವ ತೆಂಗು ಮರಿಗಳ ಊಟಕ್ಕೆ ಒದಗುತ್ತವೆ.

ಏಪ್ರಿಲ್‌ನಲ್ಲಿ ಮರ ತುಂಬ ಹೂವು ಕಂಡು ಪೆಟ್ಟಿಗೆ ತಂದರೆ ಈ ಲೆಕ್ಕ ತಪ್ಪುತ್ತದೆ. ಕುಟುಂಬ ಬಲಿಯುವಷ್ಟರಲ್ಲಿ ಹೂವು ಮುಗಿದು, ಮಳೆಗಾಲ ಬಾಗಿಲಿಗೆ ಬಂದಿರುತ್ತದೆ.

ನಿಮ್ಮ ಸುತ್ತ ಒಂದು ಕಿಲೋಮೀಟರ್

ತಿಂಗಳು ಸರಿಯಿದ್ದರೆ ಸಾಲದು, ಜಾಗವೂ ಸರಿಯಿರಬೇಕು. ತುಡುವೆ ಜೇನು ಹೆಚ್ಚಾಗಿ ಒಂದು ಕಿಲೋಮೀಟರ್ ಒಳಗೇ ಮೇಯುತ್ತದೆ. ಮಳೆಗಾಲ ಮುಗಿಯುವ ಮೊದಲೇ ಅಷ್ಟು ಜಾಗ ಓಡಾಡಿ, ಯಾವ ಮರ ಎಷ್ಟಿವೆ, ಯಾವಾಗ ಹೂ ಬಿಡುತ್ತವೆ ಎಂದು ಬರೆದಿಟ್ಟುಕೊಳ್ಳಿ.

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಡೆ ಒಂದು ಮಾತು ನೆನಪಿರಲಿ. ಕಬ್ಬು, ಭತ್ತ ಎಷ್ಟೇ ಹಸಿರಾಗಿದ್ದರೂ ಜೇನಿಗೆ ಅಲ್ಲಿ ಮಕರಂದ ಸಿಗುವುದಿಲ್ಲ. ಭತ್ತದಿಂದ ಸ್ವಲ್ಪ ಪರಾಗ ಸಿಗಬಹುದು, ಅಷ್ಟೆ. ಸುತ್ತಲೂ ಬರೀ ಕಬ್ಬಿನ ಗದ್ದೆ ಇದ್ದು, ಬದುವಿನಲ್ಲಿ ತೆಂಗು, ಹೊಂಗೆ ಇಲ್ಲದಿದ್ದರೆ ಅಲ್ಲಿ ಶುರು ಮಾಡಬೇಡಿ. ನಾಗಮಂಗಲದಂಥ ಬೆದ್ದಲು ಸೀಮೆಯ ಹೊಂಗೆ, ಹುಣಸೆ, ರಾಗಿ ಹೊಲದ ಅಕ್ಕಡಿ ಸಾಲು (ನಡುನಡುವೆ ಬಿತ್ತುವ ಬೇರೆ ಬೆಳೆ) ಜೇನಿಗೆ ಅದಕ್ಕಿಂತ ವಾಸಿ. ಮೈಸೂರು ನಗರದ ಹಳೆ ಬಡಾವಣೆಗಳಲ್ಲೂ ಸಾಲುಮರ, ಕೈತೋಟದಿಂದ ಚೆನ್ನಾಗಿಯೇ ಹೂವು ಸಿಗುತ್ತದೆ. ಆದರೆ ಬೀದಿದೀಪದ ಬೆಳಕು ಬೀಳುವ ಕಡೆ ಪೆಟ್ಟಿಗೆ ಬೇಡ. ರಾತ್ರಿ ಹುಳು ಬೆಳಕಿಗೆ ಹೋಗಿ ಸಾಯುತ್ತವೆ.

ಪಕ್ಕದ ಹೊಲದವರು ಟೊಮೆಟೊ, ಬದನೆಗೆ ಔಷಧಿ ಹೊಡೆಯುವ ದಿನ ಯಾವುದು ಎಂದು ಕೇಳಿ. ಸಂಜೆ ಹೊಡೆಯಿರಿ, ಒಂದು ದಿನ ಮೊದಲೇ ತಿಳಿಸಿ ಎಂದು ವಿನಂತಿಸಿ. ಕೇಳಲು ಸಂಕೋಚ ಪಟ್ಟುಕೊಂಡರೆ ಒಂದೇ ದಿನದಲ್ಲಿ ಕುಟುಂಬ ಕಳೆದುಕೊಳ್ಳಬಹುದು.

ಮಳೆಗಾಲ ಕಲಿಯುವ ಕಾಲ

ಜೂನ್‌ನಿಂದ ಅಕ್ಟೋಬರ್‌ವರೆಗೆ ಸುಮ್ನೆ ಕೂರಬೇಕಿಲ್ಲ. ಸುತ್ತೂರಿನ ಜೆಎಸ್ಎಸ್ ಕೃಷಿ ವಿಜ್ಞಾನ ಕೇಂದ್ರ, ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ತರಬೇತಿ ಯಾವಾಗ ಎಂದು ವಿಚಾರಿಸಿ. ಪೆಟ್ಟಿಗೆಗೆ ಸಹಾಯಧನ ಇದೆಯೇ ಎಂದು ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ಕೇಳಿ. ಸಾಕುವವರ ಜೊತೆ ನಿಂತು, ಅವರು ಎರಿ ಇರುವ ಚೌಕಟ್ಟನ್ನು ಪೆಟ್ಟಿಗೆಯಿಂದ ಎತ್ತುವುದನ್ನು ನೋಡಿ. ಮನೆಯಲ್ಲಿ ಯಾರಿಗಾದರೂ ಜೇನು ಕಚ್ಚಿ ಉಸಿರಾಟದ ತೊಂದರೆ ಆಗಿದ್ದರೆ ಮೊದಲು ಡಾಕ್ಟರನ್ನು ಕಾಣಿ.

ಕೊಳ್ಳುವಾಗ, ತಂದಾಗ

ಪೆಟ್ಟಿಗೆ ತೆರೆಸಿ ನೋಡದೆ ಕುಟುಂಬ ಕೊಳ್ಳಬೇಡಿ. ಕನಿಷ್ಠ ನಾಲ್ಕು ಎರಿಗಳ ಎರಡೂ ಮೈ ಹುಳು ಮುಚ್ಚಿರಲಿ. ಕೋಶದ ತಳದಲ್ಲಿ ಮೊಟ್ಟೆ ಕಂಡರೆ, ರಾಣಿ ಕಳೆದ 3 ದಿನದೊಳಗೆ ಅಲ್ಲಿ ಓಡಾಡಿದ್ದಾಳೆ ಎಂದು ಅರ್ಥ. ರಾಣಿಯನ್ನೇ ಹುಡುಕುತ್ತಾ ನಿಲ್ಲಬೇಕಿಲ್ಲ. ಮರಿಹುಳು ನೀರು ತುಂಬಿದ ಚೀಲದಂತೆ ಸತ್ತು, ತಲೆ ಮೇಲೆತ್ತಿ ನಿಂತಿದ್ದರೆ ಅದು ಥಾಯ್ ಸ್ಯಾಕ್ ಬ್ರೂಡ್ ರೋಗದ ಲಕ್ಷಣ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲನ್ನು ಅಳಿಸಿಹಾಕಿದ ವೈರಸ್ ಅದು. ಅಂಥ ಪೆಟ್ಟಿಗೆ ಅಗ್ಗಕ್ಕೆ ಕೊಟ್ಟರೂ ಬೇಡ.

ಆರೋಗ್ಯವಾಗಿರುವ ಕುಟುಂಬ ಸಿಕ್ಕರೆ ಒಂದಲ್ಲ, ಎರಡು ತನ್ನಿ. ಒಂದರಲ್ಲಿ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆ ಇರುವ ಎರಿ ಕೊಡಬಹುದು. ಹುಳುಗಳು ಅದರಿಂದ ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ.

ಸಂಜೆ ಹುಳುಗಳೆಲ್ಲ ಒಳಸೇರಿದ ಮೇಲೆ ಬಾಗಿಲು ಮುಚ್ಚಿ ಸಾಗಿಸಿ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇರುವಲ್ಲಿ ಇಡಿ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಟ್ಟರೆ ಇರುವೆ ಹತ್ತುವುದಿಲ್ಲ. ಕೆಲವು ದಿನ ಬಾಗಿಲಿಗೆ ರಾಣಿಗೇಟು (ಕೆಲಸಗಾರ ಹುಳು ದಾಟಬಲ್ಲ, ರಾಣಿ ದಾಟಲಾಗದ ತಡೆ) ಹಾಕಿರಿ. ಸಕ್ಕರೆ, ನೀರು ಸಮಪಾಲಿನ ಪಾಕವನ್ನು ಸಂಜೆ ಹೊತ್ತು ಪೆಟ್ಟಿಗೆಯ ಒಳಗೇ ಕೊಡಿ. ಹೊರಗೆ ಚೆಲ್ಲಿದರೆ ಬೇರೆ ಕುಟುಂಬದ ಹುಳು ದೋಚಲು ಬರುತ್ತವೆ. ಒಂದು ವಾರ ಪೆಟ್ಟಿಗೆ ಬಿಚ್ಚಬೇಡಿ.

ಫೆಬ್ರುವರಿ ದಾಟಿತೇ? ಹಾಗಾದರೆ ಈ ವರ್ಷ ಬಿಟ್ಟುಬಿಡಿ. ಜೂನ್ ಮಳೆಗೆ ಬೇಲಿ ಪಕ್ಕ ನುಗ್ಗೆ, ತುಳಸಿ ನೆಡಿ, ಜಾಗ ಇದ್ದರೆ ಬದುವಿಗೆ ನಾಲ್ಕು ಹೊಂಗೆ ಸಸಿ. ಡಿಸೆಂಬರ್‌ಗೆ ಕೊಡುವ ಕುಟುಂಬಕ್ಕೆ ಈಗಲೇ ಸಾಕುವವರ ಬಳಿ ಹೇಳಿಟ್ಟಿರಿ.