ಚೀಲ ಆಮೇಲೆ, ಮೊದ್ಲು ಪಂಪ್ ನೋಡಿ: ಉಸಿರಾಟದ ವಿಕಾಸ ಪಾಠ ಮಾಡಿದ ನನ್ನ ಅನುಭವ

ಕಶೇರುಕಗಳ, ಅಂದ್ರೆ ಬೆನ್ನೆಲುಬಿರೋ ಪ್ರಾಣಿಗಳ, ಉಸಿರಾಟ ಅಂದ್ರೆ ಎಲ್ಲಾ ನೋಟ್ಸಲ್ಲೂ ಒಂದೇ ಮೆಟ್ಟಿಲು. ಮೀನಿಗೆ ಕಿವಿರು, ಕಪ್ಪೆಗೆ ಚರ್ಮ ಮತ್ತೆ ಸಾದಾ ಶ್ವಾಸಕೋಶ, ಹಲ್ಲಿಗೆ ಸ್ವಲ್ಪ ವಾಸಿ, ಹಕ್ಕಿ ಮತ್ತೆ ಸಸ್ತನಿಗೆ ಸೂಪರ್, ಮುಗೀತು. ಬರೆದ್ರೆ ಮಾರ್ಕ್ಸೂ ಬರುತ್ತೆ, ಆದ್ರೆ ಯಾರಾದ್ರೂ ‘ಯಾಕೆ ಸಾರ್’ ಅಂದ್ರೆ ಆ ಪಟ್ಟೀಲಿ ಉತ್ತರ ಇರಲ್ಲ. ಅದಕ್ಕೆ ನಾನು ಪಾಠದ ಕ್ರಮಾನೇ ಬದಲಾಯಿಸಿದೆ. ಅಂಗ ಯಾವ್ದು ಅನ್ನೋದು ಆಮೇಲೆ ನೋಡೋಣ, ಮೊದ್ಲು ನೀರನ್ನೋ ಗಾಳಿನೋ ತಳ್ಳೋ ಸ್ನಾಯು, ಅಂದ್ರೆ ಪಂಪು, ಎಲ್ಲಿದೆ, ಅದು ಯಾವ ಕಡೆಯಿಂದ ಒಳಗೆ ಬಂದು ಯಾವ ಕಡೆ ಹೋಗುತ್ತೆ, ಅಷ್ಟನ್ನ ಬರೀ ಬಾಣ ಹಾಕಿ ತೋರಿಸಿ ಅಂತೀನಿ.

ಶುರು ಮಾಡೋದು ಮೀನಿನ ತಲೆಯಿಂದ. ಕಿವಿರಿನ ಮುಚ್ಚಳ ಕತ್ತರಿಸಿ, ಒಂದು ಕಮಾನನ್ನ ನೀರಿರೋ ತಟ್ಟೇಲಿ ಬಿಟ್ರೆ ಕೆಂಪು ಎಳೆಗಳು ಬಿಡಿಬಿಡಿಯಾಗಿ ಹರಡ್ಕೊಳ್ತವೆ, ಮೇಲೆತ್ತಿದ ತಕ್ಷಣ ಒಂದಕ್ಕೊಂದು ಅಂಟಿ ಮುದ್ದೆ ಆಗ್ಬಿಡ್ತವೆ. ಒಂದು ಲೀಟರ್ ಗಾಳೀಲಿ ಸುಮಾರು 210 ಮಿಲಿ ಆಕ್ಸಿಜನ್ ಇದೆ, ನೀರಲ್ಲಿ 10 ಮಿಲಿ ಸಿಕ್ಕಿದ್ರೆ ಹೆಚ್ಚು, ಆದ್ರೂ ಮೀನು ದಡದ ಮೇಲೆ ಉಸಿರುಕಟ್ಟಿ ಸಾಯೋದು ಯಾಕೆ ಅಂತ ಇನ್ನು ಬಾಯಲ್ಲಿ ಹೇಳೋದೇ ಬೇಡ. ಬಾಯಿ ತೆರೆದು ನೀರು ತುಂಬ್ಕೊಂಡು, ಬಾಯಿ ಮುಚ್ಚಿ ಬಾಯಿಯ ತಳ ಮೇಲಕ್ಕೆ ಒತ್ತಿದ್ರೆ ನೀರು ಕಿವಿರು ದಾಟಿ ಹೊರಗೆ, ಅಂದ್ರೆ ಬಾಣ ಒಂದೇ ದಿಕ್ಕಿಗೆ. ರಕ್ತ ಅದಕ್ಕೆ ಎದುರಾಗಿ ಹರಿಯೋದ್ರಿಂದ ಕೆಲವು ಮೀನು ನೀರಲ್ಲಿರೋ ಆಕ್ಸಿಜನ್‌ನ ಶೇ. 80ರವರೆಗೂ ಎಳ್ಕೊಳ್ತವೆ, ನಾವು ಒಳಗೆ ತಗೊಂಡಿದ್ರಲ್ಲಿ ಕಾಲು ಭಾಗ ಬಳಸಿದ್ರೆ ಅದೇ ದೊಡ್ಡದು.

ಇಲ್ಲಿ ಸುಮಾರು ಜನ ಕಿವಿರೇ ಬದಲಾಗಿ ಶ್ವಾಸಕೋಶ ಆಯ್ತು ಅಂದ್ಕೊಂಡಿರ್ತಾರೆ. ಕಿವಿರು ಇರೋದು ಗಂಟಲಿನ ಅಕ್ಕಪಕ್ಕದ ಸೀಳುಗಳಲ್ಲಿ, ಶ್ವಾಸಕೋಶ ಹುಟ್ಟೋದು ಅನ್ನನಾಳದ ಅಡಿಯಿಂದ ಹೊರಚಾಚಿದ ಚೀಲವಾಗಿ, ನಮ್ಮ ಭ್ರೂಣದಲ್ಲೂ ನಾಲ್ಕನೇ ವಾರದ ಹೊತ್ತಿಗೆ ಹಾಗೇ ಕಾಣಿಸ್ಕೊಳ್ಳುತ್ತೆ. ಅನ್ನದ ದಾರೀನೂ ಗಾಳಿ ದಾರೀನೂ ಗಂಟಲಲ್ಲಿ ಅಡ್ಡ ಬಂದು ನೆತ್ತಿಗೆ ಹತ್ತೋ ಕಾಟ ಈ ಪುರಾತನ ಜೋಡಣೆಯಿಂದ್ಲೇ. ಮೀನು ತೇಲೋಕೆ ಬಳಸೋ ಗಾಳಿಚೀಲಾನೇ ಶ್ವಾಸಕೋಶ ಆಯ್ತು ಅಂತ ಡಾರ್ವಿನ್ 1859ರಲ್ಲಿ ಬರೆದಿದ್ರು, ಈಗ ಒಪ್ಪಿರೋದು ಅದರ ಉಲ್ಟಾ. ಮೂಳೆಮೀನುಗಳ ಪೂರ್ವಜರಿಗೆ ಶ್ವಾಸಕೋಶ ಮೊದ್ಲೇ ಇತ್ತು, ಇವತ್ತಿನ ಹೆಚ್ಚಿನ ಮೀನುಗಳಲ್ಲಿ ಅದು ತೇಲೋ ಚೀಲ ಆಗಿ ಮೇಲಕ್ಕೆ ಸರೀತು. ಆಫ್ರಿಕಾದ ಬಿಚಿರ್ ಮೀನಿಗೆ ಈಗ್ಲೂ ಹೊಟ್ಟೆ ಕಡೆ ಜೋಡಿ ಶ್ವಾಸಕೋಶ ಇದೆ. ಅಲ್ಲಿನ ಲಂಗ್‌ಫಿಶ್ ಅಂತೂ ಮೇಲೆ ಬಂದು ಗಾಳಿ ತಗೊಳ್ಳೋಕೆ ಬಿಡದಿದ್ರೆ ನೀರಲ್ಲೇ ಮುಳುಗಿ ಸಾಯುತ್ತೆ, ಮೀನಾಗಿ!

ಕಪ್ಪೆ ಕುಯ್ಯಲ್ಲ ನಾನು, ಕೂರಿಸಿ ನೋಡಿಸ್ತೀನಿ ಅಷ್ಟೇ. ಗಂಟಲು ಸಣ್ಣದಾಗಿ ಪಟಪಟ ಅಂತಿರುತ್ತೆ, ಅದು ಬಾಯೊಳಗಿನ ಗಾಳಿ ಬದಲಾಯಿಸೋದು. ಮಧ್ಯೆ ಒಮ್ಮೊಮ್ಮೆ ಮೂಗಿನ ಹೊಳ್ಳೆ ಮುಚ್ಚಿ ಗಂಟಲು ಜೋರಾಗಿ ಮೇಲೆದ್ದು ಪಕ್ಕೆ ಉಬ್ಬುತ್ತಲ್ಲ, ಅದು ಅಸಲಿ ಉಸಿರು. ತಾಳ್ಮೆಯಿಂದ ಕೂತ್ರೆ ಎರಡರ ವ್ಯತ್ಯಾಸ ಯಾರಿಗಾದ್ರೂ ಸಿಗುತ್ತೆ. ಅಂದ್ರೆ ಕಪ್ಪೆ ಗಾಳಿ ಎಳ್ಕೊಳ್ಳಲ್ಲ, ನುಂಗ್ದಂಗೆ ಒಳಗೆ ತಳ್ಳುತ್ತೆ, ಅದು ಮೀನಿನ ಅದೇ ಬಾಯಿ ಪಂಪು. ಚೀಲ ಇದ್ರೂ ಎಳೆಯೋಕೆ ಪಕ್ಕೆಲುಬಿನ ಗೂಡು ಇಲ್ಲ, ಕಾರ್ಬನ್ ಡೈಆಕ್ಸೈಡ್‌ನ ಹೆಚ್ಚಿನ ಪಾಲು ಚರ್ಮದಿಂದ್ಲೇ ಹೊರಗೆ ಹೋಗುತ್ತೆ. ಕಪ್ಪೆಯ ಬಳಗಕ್ಕೇ ಸೇರಿದ ಪ್ಲೆಥೊಡಾಂಟಿಡೇ ಕುಟುಂಬದ ಸಾಲಮಾಂಡರ್‌ಗಳು ಶ್ವಾಸಕೋಶವನ್ನೇ ಬಿಟ್ಟುಬಿಟ್ಟಿವೆ, ಮೆಟ್ಟಿಲು ಕಥೆಗೆ ಇದಕ್ಕಿಂತ ಒಳ್ಳೆ ಪೆಟ್ಟು ಬೇಕಾ.

ಹಲ್ಲಿ ಪಕ್ಕೆಲುಬು ಹಿಗ್ಗಿಸಿ ಗಾಳಿ ಎಳೆಯುತ್ತೆ. ಆಮೆಗೆ ಪಕ್ಕೆಲುಬು ಚಿಪ್ಪಿಗೇ ಬೆಸೆದಿರೋದ್ರಿಂದ ಹೊಟ್ಟೆ ಸ್ನಾಯುಗಳೇ ಗತಿ. ಮೊಸಳೆ ತನ್ನ ಪಿತ್ತಜನಕಾಂಗವನ್ನೇ ಹಿಂದಕ್ಕೆ ಎಳೆದು ಜಾಗ ಮಾಡ್ಕೊಳ್ಳುತ್ತೆ, ನಮಗೆ ಆ ಕೆಲಸ ಮಾಡೋದು ವಪೆ, ಅಂದ್ರೆ ಎದೆ ಮತ್ತೆ ಹೊಟ್ಟೆ ನಡುವಿನ ಸ್ನಾಯು ಪರದೆ.

ಕೊನೇಲಿ ಮೇಕೆ ಮತ್ತೆ ಕೋಳಿಯ ಶ್ವಾಸಕೋಶ ಅಕ್ಕಪಕ್ಕ ಇಡ್ತೀನಿ. ಮೇಕೆ ಶ್ವಾಸನಾಳಕ್ಕೆ ಪೈಪ್ ಸಿಗಿಸಿ ಕೈಪಂಪಲ್ಲಿ ಗಾಳಿ ಹೊಡೆದ್ರೆ ಶ್ವಾಸಕೋಶ ದೊಡ್ಡದಾಗಿ ಉಬ್ಬುತ್ತೆ, ಬಿಟ್ರೆ ಅದೇ ದಾರೀಲಿ ಗಾಳಿ ವಾಪಸ್. ಬಾಣ ಎರಡೂ ಕಡೆ. ಕೋಳೀದು ಪಕ್ಕೆಲುಬುಗಳ ಸಂದಿಗೆ ಅಂಟ್ಕೊಂಡಿರೋ ಗುಲಾಬಿ ಪಟ್ಟಿ ಥರ ಇರುತ್ತೆ, ಗಾಳಿ ಹೊಡೆದ್ರೆ ಅದು ಅಲ್ಲಾಡೋದೇ ಇಲ್ಲ ಅನ್ಬಹುದು, ಬದಲಿಗೆ ಹೊಟ್ಟೆಯೊಳಗಿನ ತೆಳು ಗಾಳಿಚೀಲಗಳು ಎದ್ದೇಳ್ತವೆ, ಪೊರೆ ಹರಿಯದಂಗೆ ಬಿಡಿಸಿರ್ಬೇಕು ಅಷ್ಟೇ. ಒಳಗೆಳೆದ ಗಾಳಿ ಮೊದ್ಲು ಹಿಂದಿನ ಚೀಲಕ್ಕೆ, ಉಸಿರು ಬಿಟ್ಟಾಗ ಶ್ವಾಸಕೋಶಕ್ಕೆ, ಮತ್ತೆ ಎಳೆದಾಗ ಮುಂದಿನ ಚೀಲಕ್ಕೆ, ಆಮೇಲೆ ಹೊರಗೆ. ಹೀಗಾಗಿ ಶ್ವಾಸಕೋಶದೊಳಗೆ ಮೀನಿನ ಥರಾನೇ ಬಾಣ ಮತ್ತೆ ಒಂದೇ ದಿಕ್ಕು.

ಇದು ಹಾರೋಕೋಸ್ಕರ ಬಂದಿದ್ದು ಅಂತ ಬರೆದ್ರೆ ಹೊಡೆದು ಹಾಕಿಸ್ತೀನಿ. 2010ರಲ್ಲಿ ಮೊಸಳೆ ಬಳಗದ ಅಲಿಗೇಟರ್ ಶ್ವಾಸಕೋಶದಲ್ಲೂ ಗಾಳಿ ಒಂದೇ ದಿಕ್ಕಲ್ಲಿ ಹರಿಯೋದು ಗೊತ್ತಾಯ್ತು, ಆಮೇಲೆ ಉಡಗಳಲ್ಲೂ. ಅವಕ್ಕೆ ಹಕ್ಕಿ ಥರ ಗಾಳಿಚೀಲ ಇಲ್ಲ, ಒಳಗಿನ ಕೊಳವೆಗಳು ಕವಲೊಡೆಯೋ ರೀತಿನೇ ಗಾಳಿನ ಸುತ್ತು ಹಾಕಿಸುತ್ತೆ. ಅದಕ್ಕೆ ಈಗ ನಮ್ಮ ಚಾರ್ಟಲ್ಲಿ ಮೊಸಳೆ, ಉಡ ಎರಡಕ್ಕೂ ಎರಡೆರಡು ಚಿತ್ರ ಇವೆ, ಪಂಪಿಗೊಂದು, ಚೀಲದೊಳಗಿನ ಬಾಣಕ್ಕೊಂದು.