ಪೆಡಲ್ ತುಳಿಯುವಾಗಲೇ ಬಿಪಿ ನೋಡಬೇಕು

ನಾನು ಫಿಸಿಯೋಥೆರಪಿಸ್ಟ್. ದೀರ್ಘಕಾಲದ ಕಿಡ್ನಿ ಕಾಯಿಲೆ ಇರುವವರಿಗೆ ವ್ಯಾಯಾಮ ಮಾಡಿಸುತ್ತೇನೆ. ಮೊದಮೊದಲು ಬಿಪಿ ಎರಡೇ ಸಲ ನೋಡುತ್ತಿದ್ದೆ. ಶುರುವಿಗೆ ಮುಂಚೆ ಒಮ್ಮೆ, ಮುಗಿಸಿ ಸುಧಾರಿಸಿಕೊಂಡ ಮೇಲೆ ಇನ್ನೊಮ್ಮೆ.

ಒಂದು ದಿನ ಸೈಕಲ್ ತುಳಿಯುತ್ತಿದ್ದವರೊಬ್ಬರು ತಲೆ ಭಾರ ಅಂದರು. ಕೂತಾಗ ಅವರ ಬಿಪಿ 132/80 ಇತ್ತು. ನಿಧಾನ ಮಾಡಿಸಿ, ಆಗಲೇ ಪಟ್ಟಿ ಕಟ್ಟಿ ನೋಡಿದೆ. ಮೇಲಿನದು 214! ಲೋಡ್ ಜಾಸ್ತಿಯೇನೂ ಇರಲಿಲ್ಲ, ಮಾತಾಡುತ್ತಾ ತುಳಿಯುವಷ್ಟೇ. ಹತ್ತು ನಿಮಿಷ ಸುಮ್ನೆ ಕೂರಿಸಿದ ಮೇಲೆ 138ಕ್ಕೆ ಇಳಿಯಿತು. ಹಳೇ ಪದ್ಧತಿಯಲ್ಲಿ ಆ 214 ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ, ಅಲ್ವಾ? ಎಷ್ಟು ಜನರದ್ದು ಹೀಗೆ ತಪ್ಪಿಹೋಗಿದೆಯೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ದುಡಿಯುವಾಗ ಬಿಪಿ ಏರುವುದು ಎಲ್ಲರಿಗೂ ಸಹಜ. ಸ್ನಾಯುಗಳು ನರಗಳ ಮೂಲಕ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ, ಮೆದುಳು ರಕ್ತನಾಳಗಳನ್ನು ಬಿಗಿ ಮಾಡಿಸುತ್ತದೆ. ಕಿಡ್ನಿ ಕಾಯಿಲೆಯಲ್ಲಿ ಈ ಬಿಗಿ ಅತಿಯಾಗುತ್ತದೆ. ನಾಳಗಳನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಕಡಿಮೆ, ದೊಡ್ಡ ನಾಳಗಳು ಪೆಡಸು. ಸ್ವಲ್ಪ ಶ್ರಮಕ್ಕೇ ಬಿಪಿ ಜಿಗಿಯುತ್ತದೆ.

ಅವತ್ತು ಅವರ ಕೈ ಗಮನಿಸಿದ್ದೆ. ಹ್ಯಾಂಡಲ್ ಹಿಡಿದ ಬಿಗಿಗೆ ಗೆಣ್ಣುಗಳೆಲ್ಲ ಬಿಳಿಚಿಕೊಂಡಿದ್ದವು. ಮುಷ್ಟಿ ಬಿಗಿಹಿಡಿದರೂ ಸಾಕು, ಬಿಪಿ ಏರುತ್ತದೆ. ಡಾಕ್ಟರಿಗೆ ತಿಳಿಸಿ ಔಷಧಿ ಸರಿಮಾಡಿಸಿಕೊಂಡು ಬಂದ ಮೇಲೆ, ಅಂಗೈ ಹ್ಯಾಂಡಲ್ ಮೇಲೆ ಸುಮ್ನೆ ಇಡಿ, ಉಸಿರು ಕಟ್ಟಬೇಡಿ ಅಂದೆ. ಮೊದಲ ಐದು ನಿಮಿಷ ಲೋಡೇ ಇಲ್ಲದೆ ತುಳಿಸಿದೆ. ಅಂದು ಹಿಂದಿನಷ್ಟೇ ಲೋಡ್‌ಗೆ 186.

ತುಳಿಯುವಾಗ ಅಳೆಯುವುದು ಸುಲಭವಲ್ಲ. ಕೈ ಅಲುಗಿದರೆ ಆಟೊಮ್ಯಾಟಿಕ್ ಮಷಿನ್ ಎರರ್ ತೋರಿಸುತ್ತದೆ. ಹಾಗಾಗಿ ಅವರ ತೋಳನ್ನು ನನ್ನ ಕೈಯಲ್ಲಿ ಆನಿಸಿಕೊಂಡು ಸ್ಟೆತಸ್ಕೋಪ್ ಇಟ್ಟೇ ಕೇಳುತ್ತೇನೆ. ಡಯಾಲಿಸಿಸ್‌ಗೆಂದು ಫಿಸ್ಟುಲಾ (ಅಪಧಮನಿಗೆ ಅಭಿಧಮನಿ ಸೇರಿಸಿದ ಜೋಡಣೆ) ಮಾಡಿರುವ ಕೈಗೆ ಮಾತ್ರ ಪಟ್ಟಿ ಕಟ್ಟಲೇಬಾರದು. ವ್ಯಾಯಾಮ ಪರೀಕ್ಷೆಗಳಲ್ಲಿ ಮೇಲಿನದು 250 ಅಥವಾ ಕೆಳಗಿನದು 115 ದಾಟಿದರೆ ನಿಲ್ಲಿಸುತ್ತಾರೆ. ದಿನನಿತ್ಯದ ವ್ಯಾಯಾಮಕ್ಕೆ ಅಷ್ಟು ದೂರ ಹೋಗಲು ನನಗೆ ಧೈರ್ಯವಿಲ್ಲ, 200ರ ಆಸುಪಾಸಿಗೇ ಲೋಡ್ ಇಳಿಸುತ್ತೇನೆ. ನಾಡಿ ನಿಧಾನ ಮಾಡುವ ಬೀಟಾ ಬ್ಲಾಕರ್ ಔಷಧಿ ತಗೊಳ್ಳುವವರಲ್ಲಿ ಶ್ರಮ ಅಳೆಯಲು ನಾಡಿ ನಂಬುವಂತಿಲ್ಲ. ಎಷ್ಟು ಕಷ್ಟ ಅನ್ನಿಸುತ್ತಿದೆ ಎಂದು 6ರಿಂದ 20ರ ಬೋರ್ಗ್ ಅಳತೆಯಲ್ಲಿ ಅವರನ್ನೇ ಕೇಳುತ್ತೇನೆ, 11ರಿಂದ 13, ಅಂದರೆ ಹಗುರದಿಂದ ಸ್ವಲ್ಪ ಕಷ್ಟದವರೆಗೆ, ಸಾಕು. ಡಯಾಲಿಸಿಸ್ ನಡೆಯುತ್ತಿರುವಾಗಲೇ ವ್ಯಾಯಾಮ ಮಾಡಿಸುವುದಾದರೆ ಮೊದಲ ಎರಡು ಗಂಟೆಯೊಳಗೆ ಮುಗಿಸುತ್ತೇನೆ. ಆಮೇಲೆ ಬಿಪಿ ಕುಸಿಯುವ ಭಯ.

ಮೂರು ತಿಂಗಳಾಯಿತು. ಅದೇ ಲೋಡ್‌ಗೆ ಅವರ ಬಿಪಿ ಈಗ 170 ದಾಟುವುದು ಅಪರೂಪ. ಮೂರನೇ ನಿಮಿಷಕ್ಕೆ ಅವರೇ ತೋಳು ಚಾಚಿ, "ನೋಡಿ ಮೇಡಂ, ಎಷ್ಟಿದೆ?" ಅನ್ನುತ್ತಾರೆ.